ಮಾವನ ಹಾರ್ಡ್ ಡಿಸ್ಕು, ಸೊಸೆಯ ನಕಲು

ಊರಿನ ಪ್ರಿಂಟಿಂಗ್ ಪ್ರೆಸ್ಸಿನವರೆಲ್ಲ ಅವಳನ್ನು ನಕಲಕ್ಕ ಅಂತಲೇ ಕರೆಯೋದು. ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲವೆಂದಲ್ಲ, ಇದೆ. ಅದನ್ನು ಬಳಸೋರು ಬ್ಯಾಂಕಿನವರು ಮಾತ್ರ. ಗಿಡ್ಡ ಆಳು, ಗಟ್ಟಿ ಗಂಟಲು, ಮೂಗಿನ ತುದಿಯಲ್ಲೇ ಕೋಪ. ಅವಳ ಸ್ಕೂಟರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಪ್ರೆಸ್ಸಿನ ಹುಡುಗರು ಕಂಟ್ರೋಲರ್ ಡಬ್ಬದ ಮೇಲಿಟ್ಟಿದ್ದ ಚಹಾ ಲೋಟಗಳನ್ನು ತೆಗೆದು ಓಡುತ್ತಿದ್ದರು. ಲೋಟ ಕಣ್ಣಿಗೆ ಬಿತ್ತೋ, ಮುಗಿಯಿತು ಕಥೆ. "ನಿಮ್ಮನೆ ತೊಟ್ಟಿಲ ಮೇಲೂ ಹಿಂಗೇ ಲೋಟ ಇಡ್ತೀರೇನ್ರೋ?" ಅಂತ ಶುರು ಮಾಡಿದಳೆಂದರೆ ಯಜಮಾನನಿಂದ ಹಿಡಿದು ಕಸ ಗುಡಿಸೋರ ತನಕ ಯಾರನ್ನೂ ಬಿಡುತ್ತಿರಲಿಲ್ಲ.

ಅವಳ ಕೆಲಸ ಏನು ಅಂತ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತೋದಿಲ್ಲ. ಈಗಿನ ಬಣ್ಣದ ಮುದ್ರಣ ಯಂತ್ರ ಇದೆಯಲ್ಲ, ಒಂದು ಕೋಣೆಯಷ್ಟು ಉದ್ದ, ನೋಡೋಕೆ ಭಾರಿ. ಆದರೆ ಅದಕ್ಕೆ ಸ್ವಂತ ಬುದ್ಧಿ ಎಳ್ಳಷ್ಟೂ ಇಲ್ಲ. ಬುದ್ಧಿಯೆಲ್ಲ ಪಕ್ಕದಲ್ಲಿ ನಿಂತಿರೋ ಒಂದು ಡಬ್ಬದಲ್ಲಿ. ಅದೇ ಕಂಟ್ರೋಲರ್. ಗಿರಾಕಿ ತಂದ ಫೋಟೋವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಯಾವ ಬಣ್ಣ ಎಲ್ಲಿ ಎಷ್ಟು ಬೀಳಬೇಕು ಅಂತ ಯಂತ್ರಕ್ಕೆ ಹೇಳಿಕೊಡೋದು ಅದು. ಆ ಡಬ್ಬದ ಹೊಟ್ಟೆಯಲ್ಲಿ ಒಂದು ಹಾರ್ಡ್ ಡಿಸ್ಕು. ಅಕ್ಷರಗಳು, ಒಂದೊಂದು ಕಾಗದಕ್ಕೂ ಹೊಂದಿಸಿಟ್ಟ ಬಣ್ಣದ ಸೆಟ್ಟಿಂಗುಗಳು, ವರ್ಷಗಟ್ಟಲೆ ಕೂಡಿಟ್ಟ ಕೆಲಸ, ಎಲ್ಲ ಅದರೊಳಗೇ. ಆ ಡಿಸ್ಕು ಸತ್ತರೆ ಕೋಣೆಯಷ್ಟು ಉದ್ದದ ಯಂತ್ರ ಬರೀ ಕಬ್ಬಿಣ. ಅದು ಸಾಯೋಕೆ ಮುಂಚೆ ಒಳಗಿರೋದನ್ನೆಲ್ಲ ಖಾಲಿ ಡಿಸ್ಕಿಗೆ ಇಳಿಸಿ ಜೋಪಾನವಾಗಿ ಎತ್ತಿಡೋದು ನಕಲಕ್ಕನ ಕಸುಬು.

ಅವಳು ಗಿರಾಕಿಗಳಿಗೆ ಕೊಡುತ್ತಿದ್ದದ್ದು ಒಂದೇ ಒಂದು ಮಾತು. "ಹಳೇದ್ರಲ್ಲಿ ಏನಿದೆಯೋ ಹೊಸದ್ರಲ್ಲೂ ಅದೇ ಇರತ್ತೆ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿ ಇಲ್ಲ." ಆ ಮಾತಿನ ಮೇಲೇ ಅವಳ ಸ್ಕೂಟರು ಓಡುತ್ತಿತ್ತು, ಮನೆಯ ಒಲೆ ಉರಿಯುತ್ತಿತ್ತು.

ಅವಳದ್ದೊಂದು ಪದ್ಧತಿ ಇತ್ತು. ಅದನ್ನು ನೋಡಿ ಹೊಸಬರು ನಗುತ್ತಿದ್ದರು. ನಕಲು ತೆಗೆಯೋ ಪೆಟ್ಟಿಗೆಯಲ್ಲಿ ಎರಡು ಗೂಡು. ಎಡಗಡೆ ತುಂಬಿದ ಡಿಸ್ಕು, ಬಲಗಡೆ ಖಾಲಿ ಡಿಸ್ಕು. ನೋಡೋಕೆ ಎರಡೂ ಅವಳಿ ಜವಳಿ. ಅದಲು ಬದಲಾಯಿತೋ, ಖಾಲಿಯ ನಕಲು ತುಂಬಿದ್ದರ ಮೇಲೆ ಬಿದ್ದು ಅದೂ ಖಾಲಿ! ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇಲ್ಲ, ಮತ್ತು ಇದು ಆಗೋದು ಬಹಳ ಬಲ್ಲವರಿಗೇ. ಅದಕ್ಕೇ ನಕಲಕ್ಕ ಗುಂಡಿ ಒತ್ತೋಕೆ ಮುಂಚೆ ಯಜಮಾನನನ್ನು ಕರೆದು ನಿಲ್ಲಿಸಿ, ಹಳೆಯದರ ಮೇಲೆ ಬೆರಳಿಡಿಸಿ ಗಟ್ಟಿಯಾಗಿ "ಇದು ತುಂಬಿದ್ದು" ಅನ್ನಿಸುತ್ತಿದ್ದಳು, ಹೊಸದರ ಮೇಲೆ ಬೆರಳಿಡಿಸಿ "ಇದು ಖಾಲಿ" ಅನ್ನಿಸುತ್ತಿದ್ದಳು. ನಾಚಿಕೊಂಡು ಗುಸುಗುಸು ಅಂದರೆ ನಡೆಯೋದಿಲ್ಲ. "ಊಟ ಮಾಡಿಲ್ವಾ? ಗಟ್ಟಿಯಾಗಿ ಹೇಳಿ!" ಅಂತ ಗದರಿಸುತ್ತಿದ್ದಳು. ಸೂಟು ಹಾಕಿಕೊಂಡ ದೊಡ್ಡ ದೊಡ್ಡ ಯಜಮಾನರೆಲ್ಲ ಶಾಲೆಯ ಮಕ್ಕಳ ಹಾಗೆ ನಿಂತು ಒಪ್ಪಿಸಿದ್ದಾರೆ.

ಈ ಕಸುಬಿಗೆ ಅವಳು ಬಂದದ್ದೂ ಒಂದು ಡಿಸ್ಕಿನ ಸಾವಿನಿಂದಲೇ. ಹಿಂದೆ ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸೋ ಕೆಲಸಕ್ಕಿದ್ದಳು. ಒಂದು ಶಾಲೆಯ ದಪ್ಪ ನೆನಪಿನ ಪುಸ್ತಕ, ನೂರಾರು ಮಕ್ಕಳ ಫೋಟೋ, ಎಲ್ಲ ಮುಗಿದು ಇನ್ನೇನು ಅಚ್ಚಿಗೆ ಹೋಗಬೇಕು, ಡಿಸ್ಕು ಕಟಕ್ ಅಂತು. ಪ್ರೆಸ್ಸಿನವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಇವಳಿಗೆ ಅಳು ಬರಲಿಲ್ಲ, ಪಿತ್ತ ನೆತ್ತಿಗೇರಿತು. "ಇಷ್ಟು ಜನ ಇದ್ದೀರಲ್ಲ, ಒಬ್ಬರಿಗಾದ್ರೂ ಒಂದು ನಕಲು ತೆಗೆದಿಡಬೇಕು ಅನ್ನಿಸಲಿಲ್ವಾ?" ಅಂತ ಕೂಗಾಡಿದಳು. ಕೂಗಾಡುತ್ತಿರುವಾಗಲೇ ತನಗೂ ಅನ್ನಿಸಿರಲಿಲ್ಲವಲ್ಲ ಅಂತ ಹೊಳೆದು ಇನ್ನೂ ಜೋರಾಗಿ ಕೂಗಾಡಿದಳಂತೆ. ಆಮೇಲೆ ಕಂಪ್ಯೂಟರ್ ರಿಪೇರಿ ಮಾಡೋರ ಹಿಂದೆ ಬಿದ್ದು, ಕಾಡಿ ಬೇಡಿ ಕೆಲಸ ಕಲಿತಳು. ನೋಡನೋಡುತ್ತಿದ್ದ ಹಾಗೆ ಊರಿನ ಮುಕ್ಕಾಲು ಪಾಲು ಕಂಟ್ರೋಲರುಗಳ ಡಿಸ್ಕು ಅವಳ ಕೈ ಹಾದು ಹೋಗಿದ್ದವು.

ಹೋಗದೇ ಉಳಿದದ್ದು ಮುಖ್ಯವಾಗಿ ಒಂದು. ಅದು ಅವಳ ಸ್ವಂತ ಮಾವನ ಕಂಟ್ರೋಲರು!

ಮಾವ ಅಂದರೆ ಅಂತಿಂಥವರಲ್ಲ. ಊರಿನ ಅತಿ ದೊಡ್ಡ ಪ್ರೆಸ್ಸಿನಲ್ಲಿ ಬಣ್ಣ ಹೊಂದಿಸೋರು. ಬಣ್ಣದ ಮೇಷ್ಟ್ರು ಅಂತಲೇ ಹೆಸರು. ಬೇರೆ ಪ್ರೆಸ್ಸಿನವರು ಬಣ್ಣ ಅಳೆಯೋಕೆ ಯಂತ್ರ ಇಟ್ಟುಕೊಂಡಿದ್ದರೆ ಇವರು ತಮ್ಮ ಕಣ್ಣಿಟ್ಟುಕೊಂಡಿದ್ದರು. ಅಳೆಯೋ ಯಂತ್ರ ಡ್ರಾಯರಿನಲ್ಲಿ ಮಲಗಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಕೆಂಪು ಒಂಚೂರು ಇಳಿಸು" ಅಂದರೆ ಅದೇ ಕೊನೆಯ ಮಾತು. ಮಕ್ಕಳ ಕೆನ್ನೆಯ ಬಣ್ಣ, ಹಣ್ಣಿನ ಬಣ್ಣ, ಸಂಜೆಯ ಆಕಾಶದ ಬಣ್ಣ ಅವರ ಹಾಗೆ ತರೋರು ಇನ್ನೊಬ್ಬರಿರಲಿಲ್ಲ. ತಮ್ಮ ಬಣ್ಣವನ್ನು ಯಾರೂ ಕದಿಯಬಾರದು ಅಂತ ಪರೀಕ್ಷೆಗೆ ತೆಗೆದ ಹಾಳೆಗಳನ್ನೆಲ್ಲ ಅವತ್ತೇ ಹರಿದು ಹಾಕಿಸುತ್ತಿದ್ದರು.

ಸೊಸೆ ನಕಲಿನ ಮಾತೆತ್ತಿದರೆ ಸಾಕು, ಕೆಂಡಾಮಂಡಲ. "ನನ್ನ ಬಣ್ಣ ಇರೋದು ನನ್ನ ಕಣ್ಣಲ್ಲಿ ಕಣಮ್ಮ, ಡಬ್ಬದಲ್ಲಲ್ಲ. ಡಬ್ಬ ಹೋದರೆ ಇನ್ನೊಂದು ಡಬ್ಬಕ್ಕೆ ಮತ್ತೆ ಹೊಂದಿಸ್ತೀನಿ."

"ಆಯ್ತು ಮಾವ, ಹೊಂದಿಸಿ. ಅಷ್ಟು ದಿನ ಗಿರಾಕಿಗಳಿಗೆ ಏನು ತೋರಿಸ್ತೀರಿ, ನಿಮ್ಮ ಕಣ್ಣನ್ನಾ?" ಅಂತ ಇವಳು.

ಅಷ್ಟಾದ ಮೇಲೆ ಊಟದ ಮೇಜಿನ ಆ ಕಡೆ ಒಬ್ಬರು ಮುಖ ಊದಿಸಿಕೊಂಡು, ಈ ಕಡೆ ಒಬ್ಬಳು ಮುಖ ಊದಿಸಿಕೊಂಡು. ನಡುವೆ ಅತ್ತೆ ಬಡಿಸುತ್ತಾ, "ಉಪ್ಪು ಸರಿಯಿದೆಯಾ ಅಂತ ಕೇಳೋಕೂ ಮಧ್ಯಸ್ಥರನ್ನ ಕರೆಸಬೇಕೇನಪ್ಪ" ಅನ್ನುತ್ತಿದ್ದರು. ನಕಲಕ್ಕನ ಗಂಡ ಲಾರಿ ಓಡಿಸೋನು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ಬಂದವನು ಮಲಗುತ್ತಿದ್ದ. ಅವನ ಅಭಿಪ್ರಾಯ ಏನು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹೀಗಿರುವಾಗ ಮೇಷ್ಟರ ಕಂಟ್ರೋಲರು ಒಂದು ದಿನ ಟಿಕ್ ಟಿಕ್ ಅನ್ನೋಕೆ ಶುರು ಮಾಡಿತು. ಡಿಸ್ಕು ಸಾಯೋ ಮುಂಚಿನ ಸದ್ದು ಅದು. ಒಂದು ಹಾಳೆ ಬರೋಕೆ ಯಂತ್ರ ತಿಣುಕಾಡಿ ತಿಣುಕಾಡಿ ನಿಲ್ಲುತ್ತಿತ್ತು. ಪ್ರೆಸ್ಸಿನ ಯಜಮಾನ ಮೆತ್ತಗಿನ ಮನುಷ್ಯ, ಮೇಷ್ಟರೆಂದರೆ ಅವನಿಗೂ ಭಯವೇ. ಆದರೂ ಧೈರ್ಯ ಮಾಡಿ ನಕಲಕ್ಕನಿಗೆ ಫೋನು ಮಾಡಿದ. "ಅಕ್ಕ, ನಿಮ್ಮ ಮಾವನಿಗೆ ನಾನು ಹೇಳ್ಕೋತೀನಿ. ನೀವು ಬಂದುಬಿಡಿ, ಇವತ್ತೇ ಬನ್ನಿ."

ಹೋದಳು. ಮೇಷ್ಟ್ರು ಕುರ್ಚಿಯಿಂದ ಏಳಲೂ ಇಲ್ಲ, ಬೇಡ ಅಂತ ಅನ್ನಲೂ ಇಲ್ಲ. ಅದೇ ಅವಳಿಗೆ ಸೋಜಿಗ. ಕೂಗಾಡಬೇಕಿತ್ತಲ್ಲ ಈ ಮನುಷ್ಯ? ಮೆಲ್ಲಗೆ, "ನೋಡಮ್ಮ, ಏನಾದ್ರೂ ಮಾಡೋಕಾಗತ್ತಾ" ಅಂದರು ಅಷ್ಟೇ. ಡಬ್ಬ ಹೋದರೆ ಮತ್ತೆ ಹೊಂದಿಸುತ್ತೀನಿ ಅನ್ನುತ್ತಿದ್ದವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಮೇಷ್ಟರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ವರ್ಷದ ಮೇಲಾಗಿತ್ತು. ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಪ್ರೆಸ್ಸಿನ ದೀಪ ಸರಿಯಿಲ್ಲ ಅಂತ ಎರಡು ಸಲ ದೀಪ ಬದಲಾಯಿಸಿದ್ದರು, ಕಿಟಕಿಯ ಗಾಜು ಒರೆಸಿಲ್ಲ ಅಂತ ಗುಡಿಸೋರ ಜೊತೆ ಜಗಳವಾಡಿದ್ದರು. ಬಣ್ಣದ ಮನುಷ್ಯನಿಗೆ ಕಣ್ಣು ಮಂಜಾಗಿದೆ ಅಂತ ಗೊತ್ತಾದರೆ ಕುರ್ಚಿ ಉಳಿಯುತ್ತದಾ?

ನಕಲಕ್ಕ ಟೇಬಲ್ ಫ್ಯಾನು ತರಿಸಿ ಡಿಸ್ಕಿಗೆ ಗಾಳಿ ಹಾಕುತ್ತಾ ನಕಲಿಗೆ ಕೂತಳು. ಬೆರಳಿಡಿಸೋದು, ಹೇಳಿಸೋದು ಎಲ್ಲ ಆಯಿತು. ಮಾವನ ಕೈಯಲ್ಲೇ ಹೇಳಿಸಿದಳು, ಬಿಡುತ್ತಾಳಾ? ಮುದಿ ಡಿಸ್ಕು ನರಳುತ್ತಾ ನಿಲ್ಲುತ್ತಾ ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ಬಿಟ್ಟುಕೊಟ್ಟಿತು. ಮಧ್ಯಾಹ್ನ ಕಳೆದು ಕಿಟಕಿಯ ಬಿಸಿಲು ಗೋಡೆಗೇರುವ ಹೊತ್ತಿಗೆ ನಕಲು ಮುಗಿಯಿತು. ಇನ್ನು ಎರಡನ್ನೂ ಹೋಲಿಸಿ ನೋಡೋ ಕೆಲಸ. ಅದು ಅರ್ಧಕ್ಕೆ ಬಂದಿತ್ತು, ಹಳೇ ಡಿಸ್ಕು ಒಂದು ಸಲ ಕಿರ್ ಅಂದು ಸುಮ್ಮನಾಯಿತು. ಆಮೇಲೆ ಮಿಸುಕಲಿಲ್ಲ.

"ಹೋಗ್ಲಿ ಬಿಡಿ, ಕೊಡೋದನ್ನೆಲ್ಲ ಕೊಟ್ಟೇ ಹೋಯ್ತು ಪುಣ್ಯಾತ್ಮ" ಅಂದಳು. ಹೊಸ ಡಿಸ್ಕು ಹಾಕಿದರು. ಯಂತ್ರ ಎದ್ದು ಕೂತಿತು. ಬಂದ ಮೊದಲ ಹಾಳೆಯನ್ನು ಮೇಷ್ಟ್ರು ಕಿಟಕಿಗೆ ಹಿಡಿದು ನೋಡಿ, ಹರಿದು ಹಾಕಿ, "ಹಾಗೇ ಇದೆ" ಅಂದರು. ಮಾವನ ಬಾಯಲ್ಲಿ ಅದು ಹೊಗಳಿಕೆಯೇ. ಅವತ್ತು ಊಟದ ಮೇಜಿನಲ್ಲಿ ಯಾರೂ ಮುಖ ಊದಿಸಿರಲಿಲ್ಲ.

ಅದಾದ ಒಂದು ವಾರಕ್ಕೆ ಮೇಷ್ಟ್ರು ಚಹಾ ಬಗ್ಗಿಸಿಕೊಳ್ಳೋಕೆ ಹೋಗಿ ಲೋಟದ ಪಕ್ಕಕ್ಕೆ ಬಗ್ಗಿಸಿದರು. ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ಎಷ್ಟು ದಿನದಿಂದ?" ಅಂದರು. ಅತ್ತೆ ಹೆಚ್ಚು ಮಾತಾಡದೆ ಕೈ ಹಿಡಿದು ಕಣ್ಣಿನ ಆಸ್ಪತ್ರೆಗೆ ದರದರ ಎಳೆದುಕೊಂಡು ಹೋದರು. ಒಂದು ಕಣ್ಣಿನ ಪೊರೆ ತೆಗೆದದ್ದಾಯಿತು, ಇನ್ನೊಂದರದೂ ಆಯಿತು. ವಿಶ್ರಾಂತಿ ಅಂತ ಕೆಲವು ವಾರ ಮನೆಯಲ್ಲಿ. ಮೊಣಕಾಲು ನೋವು ಅಂತ ಪ್ರೆಸ್ಸಿಗೆ ಹೇಳಿ ಕಳಿಸಿದರು, ಮನೆಯವರ ಕೈಲೂ ಹಾಗೇ ಹೇಳಿಸಿದರು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಬಾಗಿಲಲ್ಲೇ ನಿಂತು, "ಯಾವಾಗ ಸುಣ್ಣ ಹೊಡೆಸಿದ್ರಿ?" ಅಂತ ಕೇಳಿದರು.

"ಯಾರೂ ಹೊಡೆಸಿಲ್ಲ, ಒಳಗೆ ಬನ್ನಿ" ಅಂದರು ಅತ್ತೆ. ಹೊಸ ಕಣ್ಣಿನ ಸಂಭ್ರಮ ಅಂತ ಎಲ್ಲರೂ ನಕ್ಕರು. ನಕಲಕ್ಕನೂ ನಕ್ಕಳು. ಆ ನಗೆಯಲ್ಲೇ ಒಂದು ವಿಷಯ ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು, ಅವಳಿಗೆ ಗೊತ್ತಾಗಲಿಲ್ಲ.

ಮೇಷ್ಟ್ರು ಕೆಲಸಕ್ಕೆ ವಾಪಸು ಹೋದ ದಿನ ಪ್ರೆಸ್ಸಿನಲ್ಲಿ ಸಿಡಿಲು ಬಡಿಯಿತು. ಬಿಸಿಬಿಸಿಯಾಗಿ ಬಂದ ಹಾಳೆಯನ್ನು ಕಿಟಕಿಗೆ ಹಿಡಿದವರು ಹೌಹಾರಿದರು. "ಏನಿದು ನೀಲಿ? ಮಕ್ಕಳ ಮುಖ ನೋಡಿ, ಚಳಿಯಲ್ಲಿ ರಾತ್ರಿಯೆಲ್ಲ ಹೊರಗೆ ನಿಲ್ಲಿಸಿದ ಹಾಗಿದೆ! ಇದು ನನ್ನ ಬಣ್ಣವಲ್ಲ!" ಇನ್ನೊಂದು ತೆಗೆಸಿದರು, ಅದೂ ನೀಲಿ. ಮತ್ತೊಂದು ಕಾಗದ, ಅದೂ ನೀಲಿ. ಈಚೆಗೆ ಪ್ರೆಸ್ಸಿನಲ್ಲಿ ಬದಲಾಗಿದ್ದದ್ದು ಒಂದೇ ಒಂದು, ಆ ಡಿಸ್ಕು. ಅವತ್ತು "ಹಾಗೇ ಇದೆ" ಅಂದದ್ದು ಮಂಜುಗಣ್ಣಿಗೆ ಏನೂ ಸರಿಯಾಗಿ ಕಾಣದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡರು. "ನಕಲು ತೆಗೆದವಳು ನನ್ನ ಬಣ್ಣ ಹಾಳು ಮಾಡಿದ್ದಾಳೆ" ಅಂತ ಪ್ರೆಸ್ಸಿನ ನಡುವೆ ನಿಂತು ಕೂಗಿದರು. ಸೊಸೆ ಅನ್ನೋ ಮುಲಾಜೂ ಇಟ್ಟುಕೊಳ್ಳಲಿಲ್ಲ.

ಮೇಷ್ಟ್ರು ಕೂಗಿದ ಮಾತು ಊರು ಸುತ್ತೋಕೆ ಎಷ್ಟು ಹೊತ್ತು ಬೇಕು? ಚಹಾ ಅಂಗಡಿಯಲ್ಲಿ, ಕಾಗದದ ಗೋದಾಮಿನಲ್ಲಿ ಅದೇ ಮಾತು. ನಕಲಕ್ಕನ ನಕಲು ಸರಿಯಿಲ್ಲವಂತೆ, ಸ್ವಂತ ಮಾವನೇ ಹೇಳಿದರಂತೆ. ಬನ್ನಿ ಅಂತ ಕರೆದಿದ್ದ ಪ್ರೆಸ್ಸಿನವರು "ಮುಂದಿನ ತಿಂಗಳು ನೋಡೋಣ ಅಕ್ಕ" ಅಂದರು. ಆ ಹೊತ್ತಿಗೇ ಪ್ರೆಸ್ ಮಾಲೀಕರ ಸಂಘ ಊರಿನ ಎಲ್ಲ ಕಂಟ್ರೋಲರುಗಳ ನಕಲಿನ ಕೆಲಸವನ್ನು ವರ್ಷವಿಡೀ ಅವಳೊಬ್ಬಳಿಗೇ ವಹಿಸೋದು ಅಂತ ಮಾತಾಡಿಕೊಂಡಿತ್ತು. ಅದನ್ನು ತೀರ್ಮಾನ ಮಾಡೋ ಸಭೆ ಮೇಷ್ಟರ ಪ್ರೆಸ್ಸಿನಲ್ಲೇ, ಬರೋ ವಾರ. ಈಗ ಕೆಲಸ ಸಿಗೋದು ಹಾಗಿರಲಿ, ಇರೋ ಹೆಸರೇ ಮಣ್ಣುಪಾಲಾಗುವ ಹಾಗಾಯಿತು.

"ಡಿಸ್ಕಲ್ಲಿ ಏನಾದ್ರೂ ಹಾಳಾದ್ರೆ ಫೈಲು ತೆರೆಯೋದೇ ಇಲ್ಲ, ನೀಲಿ ಆಗಿ ಕೂತ್ಕೊಳ್ಳಲ್ಲ!" ಅಂತ ಅವಳು ಸಿಕ್ಕಿದವರ ಹತ್ತಿರವೆಲ್ಲ ವಾದಿಸಿದಳು. ವಾದ ಸರಿಯಾಗೇ ಇತ್ತು. ಆದರೆ ಒಳಗೊಳಗೇ ಅಳುಕು. ಹೋಲಿಸಿ ನೋಡೋ ಕೆಲಸ ಅರ್ಧಕ್ಕೆ ನಿಂತಿತ್ತಲ್ಲ? ಉಳಿದ ಅರ್ಧದಲ್ಲಿ ಏನಾದರೂ ಆಗಿದ್ದರೆ? ಹಳೇ ಡಿಸ್ಕು ಬದುಕಿದ್ದರೆ ತೋರಿಸಬಹುದಿತ್ತು, ಅದು ಸತ್ತು ಹೋಗಿದೆ. ಹಳೇ ಹಾಳೆಯಾದರೂ ಇದ್ದಿದ್ದರೆ ಪಕ್ಕದಲ್ಲಿಟ್ಟು ತೋರಿಸಬಹುದಿತ್ತು, ಮೇಷ್ಟ್ರು ಒಂದನ್ನೂ ಉಳಿಸಿಲ್ಲ. ಗಿರಾಕಿಗಳು ಒಯ್ದದ್ದನ್ನು ಕೇಳಿ ತರೋಣ ಅಂದರೆ, ಅದು ನೀಲಿಯಿಲ್ಲದೇ ಇದ್ದರೆ ಅಂತ ಭಯ. ಯಾವತ್ತೂ ಗಂಟಲು ತಗ್ಗಿಸದವಳು ಗಂಟಲು ತಗ್ಗಿಸಿದಳು. ಸ್ಕೂಟರನ್ನು ಮನೆಯ ಮುಂದೆ ನಿಲ್ಲಿಸಿದವಳು ನಾಲ್ಕು ದಿನ ತೆಗೆಯಲೇ ಇಲ್ಲ.

ಮನೆಯಲ್ಲಿ ಮಾವ ಸೊಸೆಗೆ ಮಾತಿಲ್ಲ. ಮಧ್ಯಸ್ಥಿಕೆಗೆ ಅತ್ತೆಯೂ ಸಿಗಲಿಲ್ಲ, ಅವರು ಇಬ್ಬರ ಮೇಲೂ ಮುನಿಸಿಕೊಂಡಿದ್ದರು.

ಸಭೆಯ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಗೊಣಗುತ್ತಿದ್ದರು. "ಕಣ್ಣು ಬಂದದ್ದೇ ಬಂದದ್ದು, ಈ ಮನುಷ್ಯನ ಕಾಟ ಜಾಸ್ತಿಯಾಯ್ತು. ಹಾಸಿಗೆ ಬಟ್ಟೆಗೆ ನೀಲಿ ಹಾಕಿದ್ದೀಯ ಅಂತಾರೆ. ಗೋಡೆಗೆ ಸುಣ್ಣ ಹೊಡೆಸಿದ್ದೀಯ ಅಂತಾರೆ. ಹಾಲಿಗೆ ನೀರು ಹಾಕಿದ್ದೀಯ, ಅದಕ್ಕೇ ನೀಲಿ ಕಾಣ್ತಿದೆ ಅಂತಾರೆ! ಡಾಕ್ಟರು ಹೇಳಿದ್ರು, ಪೊರೆ ಇದ್ದಾಗ ಎಲ್ಲ ಹಳದಿ ಕಾಣ್ತಿತ್ತು, ಈಗ ನಿಜವಾದ ಬಣ್ಣ ಕಾಣ್ತಿದೆ, ಸ್ವಲ್ಪ ದಿನ ಹಂಗೇ ಅಂತ. ಇವರಿಗೆ ಹೇಳೋರು ಯಾರು?"

ನಕಲಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಏನಂದ್ರಿ ಅತ್ತೆ? ಪೊರೆ ಇದ್ದಾಗ ಎಲ್ಲ ಹಳದಿ ಕಾಣ್ತಿತ್ತಾ?"

ಹಳದಿ ಕಾಣುತ್ತಿದ್ದವರು ಏನು ಮಾಡುತ್ತಾರೆ? ಹಾಳೆ ಹಳದಿಯಾಗಿದೆ ಅಂದುಕೊಂಡು ಒಂಚೂರು ನೀಲಿ ಏರಿಸುತ್ತಾರೆ. ಮುಂದಿನ ತಿಂಗಳು ಇನ್ನೊಂಚೂರು. ವರ್ಷವಿಡೀ ಹೀಗೇ ಚೂರು ಚೂರಾಗಿ ಏರಿದರೆ ಪಕ್ಕದಲ್ಲಿರೋರಿಗೆ ಗೊತ್ತಾಗೋದಿಲ್ಲ. ಗೊತ್ತಾದರೂ ಮೇಷ್ಟರ ಮುಂದೆ ಬಾಯಿ ಬಿಡೋರು ಯಾರು?

ಅವಳು ಥಟ್ಟನೆ ತಿರುಗಿ ಗೋಡೆ ನೋಡಿದಳು. ಮನೆಯವರೆಲ್ಲ ಸಾಲಾಗಿ ನಿಂತ ಫೋಟೋ ಇರೋ ಕ್ಯಾಲೆಂಡರು. ಮೇಷ್ಟ್ರು ಪ್ರತಿ ವರ್ಷ ಮನೆಗೊಂದು ಅಂತ ಅಚ್ಚು ಹಾಕಿ ತರುತ್ತಿದ್ದರು. ಈ ವರ್ಷದ್ದು ಬಂದದ್ದು ಹಳೇ ಡಿಸ್ಕು ಇನ್ನೂ ಗಟ್ಟಿಮುಟ್ಟಾಗಿದ್ದಾಗ. ಅದರಲ್ಲಿ ಅವಳ ಮಗಳ ಕೆನ್ನೆ ನೀಲಿ! ದಿನಾ ನೋಡಿ ನೋಡಿ ಯಾರಿಗೂ ಕಂಡಿರಲಿಲ್ಲ. ಅತ್ತೆ ಹಳೇ ಕ್ಯಾಲೆಂಡರುಗಳನ್ನು ಕಪಾಟಿನ ಹಲಗೆಗೆ ಹಾಸಿದ್ದರು. ಡಬ್ಬಿಗಳನ್ನೆಲ್ಲ ದಡದಡ ಇಳಿಸಿ ಒಂದನ್ನು ಎಳೆದಳು. ಎರಡು ವರ್ಷದ ಹಿಂದಿನದು. ಅದರಲ್ಲಿ ಕೆನ್ನೆ ಆಗತಾನೇ ಕಿತ್ತ ಹಣ್ಣಿನ ಹಾಗೆ ಕೆಂಪಗೆ.

"ಅತ್ತೇ! ನನ್ನ ನಕಲು ಸರಿಯಿದೆ! ಒಂದು ಚುಕ್ಕಿನೂ ತಪ್ಪಿಲ್ಲ!" ಅಂತ ಕೂಗಿ, ಅತ್ತೆಯನ್ನು ತಬ್ಬಿ, ಒಂದು ಸುತ್ತು ತಿರುಗಿಸಿಬಿಟ್ಟಳು. ಅತ್ತೆ "ಅಯ್ಯೋ ಬಿಡೇ, ಸೊಂಟ!" ಅಂತ ಕೂಗಿಕೊಂಡರು. ಸಂಗತಿ ತಿಳಿದ ಮೇಲೆ ಅವರ ಕಣ್ಣೂ ಕ್ಯಾಲೆಂಡರಿನ ಮೇಲೇ ನಿಂತಿತು.

"ತಗೊಂಡು ಹೋಗು" ಅಂದರು ಅತ್ತೆ. "ಸಭೆಯಲ್ಲಿ ಎಲ್ಲರೆದುರಿಗೆ ಬಿಚ್ಚಿ ತೋರಿಸು. ನಿನ್ನನ್ನ ಎಲ್ಲರೆದುರಿಗೇ ಅಂದರಲ್ಲ ಆ ಮಹಾನುಭಾವರು."

ನಕಲಕ್ಕನ ಕುಣಿತ ಅಲ್ಲಿಗೇ ನಿಂತಿತು. ಬಿಚ್ಚಿ ತೋರಿಸಬಹುದು. ತೋರಿಸಿದರೆ ತನ್ನ ಹೆಸರು ಉಳಿಯುತ್ತದೆ. ಆದರೆ ಮೇಷ್ಟ್ರು ಒಂದು ವರ್ಷ ಮಂಜುಗಣ್ಣಿನಲ್ಲಿ ಕೂತು ಊರಿಗೆಲ್ಲ ನೀಲಿ ಅಚ್ಚು ಹಾಕಿದರು ಅನ್ನೋದು ಊರಿನ ಪ್ರೆಸ್ಸಿನವರಿಗೆಲ್ಲ ಒಂದೇ ಏಟಿಗೆ ತಿಳಿಯುತ್ತದೆ. ಆ ಮನುಷ್ಯ ಬಾಳಿದ್ದೇ ಆ ಕಣ್ಣಿನ ಮೇಲೆ. ಕೋಪ ಬರುತ್ತಿತ್ತು, ಬಹಳ ಬರುತ್ತಿತ್ತು. ಆದರೂ ಲೋಟದ ಪಕ್ಕಕ್ಕೆ ಚಹಾ ಬಗ್ಗಿಸಿದ ಆ ಕೈ ಕಣ್ಣ ಮುಂದಿಂದ ಹೋಗಲೊಲ್ಲದು. "ಮೊದಲು ಅವರೊಬ್ಬರಿಗೇ ತೋರಿಸ್ತೀನಿ ಅತ್ತೆ" ಅಂದು ಎರಡೂ ಕ್ಯಾಲೆಂಡರು ಸುತ್ತಿಕೊಂಡು ಸ್ಕೂಟರು ಹತ್ತಿದಳು.

ಪ್ರೆಸ್ಸಿನಲ್ಲಿ ಮಾಲೀಕರೆಲ್ಲ ಕುರ್ಚಿ ಹಾಕಿಕೊಂಡು ಕೂತಾಗಿತ್ತು. ಅವಳು ಯಾರ ಮುಖವನ್ನೂ ನೋಡದೆ ಸೀದಾ ಹೋಗಿ, "ಮಾವ, ಒಂದು ನಿಮಿಷ ಬನ್ನಿ" ಅಂದಳು. ಮೇಷ್ಟ್ರು ಸಿಡುಕಿನಿಂದಲೇ ಎದ್ದು ಕಾಗದದ ಕೋಣೆಗೆ ಬಂದರು. ಅವಳು ಬಾಗಿಲು ಹಾಕಿ ಈ ವರ್ಷದ ಕ್ಯಾಲೆಂಡರನ್ನು ಕಾಗದದ ಕಟ್ಟಿನ ಮೇಲೆ ಹರಡಿದಳು. ಬರುವಾಗ ಯಂತ್ರದ ಮೇಲಿಂದ ಎತ್ತಿಕೊಂಡಿದ್ದ ಇವತ್ತಿನ ಒಂದು ಹಾಳೆಯನ್ನು ಪಕ್ಕದಲ್ಲಿಟ್ಟಳು. ಹಳೇ ಕ್ಯಾಲೆಂಡರನ್ನು ಆ ಕಡೆ ಇಟ್ಟಳು. ಬಾಯಿ ಬಿಡಲಿಲ್ಲ. ಅವಳ ಬದುಕಿನಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದು ಅದೇ ಮೊದಲಿರಬೇಕು.

ಮೇಷ್ಟ್ರು ಬಗ್ಗಿ ನೋಡಿದರು. ಈ ವರ್ಷದ್ದನ್ನೂ ಇವತ್ತಿನದನ್ನೂ ಮೇಲೆ ಕೆಳಗೆ ಮಾಡಿ ನೋಡಿದರು. ಬಣ್ಣ ಬಲ್ಲವರಿಗೆ ಬಿಡಿಸಿ ಹೇಳಬೇಕಾ?

"ಇದು ಡಿಸ್ಕು ಬದಲಾಯಿಸೋಕೆ ಮುಂಚಿನದಾ?"

"ಹೌದು ಮಾವ."

ಮೊಮ್ಮಗಳ ಕೆನ್ನೆಯ ಮೇಲೆ ಬೆರಳಾಡಿಸಿದರು. "ಇಷ್ಟು ದಿನ ಈ ಮಗುವಿನ ಮುಖ ಹಿಂಗೆ ಇತ್ತಾ? ಯಾರೂ ಒಂದು ಮಾತು ಹೇಳಲಿಲ್ಲವಲ್ಲ."

"ಹೇಳೋಕೆ ಬಿಟ್ಟಿದ್ರಾ ನೀವು?" ಅಂದಳು.

"ಸುತ್ತಿಡು ಇದನ್ನ" ಅಂದರು ಮೇಷ್ಟ್ರು.

ಮುಚ್ಚಿಡು ಅನ್ನುತ್ತಿದ್ದಾರೆ. ಹೇಳಿಬಿಡಲಾ, ಹೊರಗೆ ಹೋಗಿ ಎಲ್ಲರ ಮುಂದೆ ಬಿಚ್ಚಿಬಿಡಲಾ ಅಂತ ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದಳು. ಕ್ಯಾಲೆಂಡರು ಸುತ್ತಿ ಕಂಕುಳಲ್ಲಿಟ್ಟುಕೊಂಡಳು. "ನಾನೇನೂ ಹೇಳಲ್ಲ ಮಾವ. ನಿಮ್ಮಿಷ್ಟ" ಅಂದಳು. ಆ ಮಾತು ಹೇಳುವಾಗ ವರ್ಷದ ಕೆಲಸ, ಇದ್ದ ಹೆಸರು ಎರಡೂ ಕೈಬಿಟ್ಟು ಹೋದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಇಬ್ಬರೂ ಹೊರಗೆ ಬಂದರು. ಸಂಘದ ಅಧ್ಯಕ್ಷ ಕೆಮ್ಮಿ, ಅತ್ತಿತ್ತ ನೋಡಿ, "ಮೇಷ್ಟ್ರೇ, ಸಂಕೋಚ ಬೇಡ. ಈಯಮ್ಮನ ಕೆಲಸದ ಬಗ್ಗೆ ನಿಮ್ಮ ಮಾತೇನು?" ಅಂತ ಕೇಳಿದ.

ಮೇಷ್ಟ್ರು ನಿಂತೇ ಇದ್ದರು. "ಒಂದು ದೋಷ ಇದೆ" ಅಂದರು.

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ನಕಲಕ್ಕ ನೆಲ ನೋಡಿದಳು.

"ಏನು ಕೊಟ್ಟರೂ ಹಾಗೇ ನಕಲು ಮಾಡ್ತಾಳೆ. ಅದೇ ದೋಷ. ನನ್ನ ಕಣ್ಣಿಗೆ ಪೊರೆ ಬಂದಿತ್ತು. ಒಂದು ವರ್ಷದಿಂದ ಎಲ್ಲ ಹಳದಿ ಕಾಣ್ತಿತ್ತು, ನಾನು ನೀಲಿ ಏರಿಸ್ತಾ ಹೋದೆ. ಯಾರಿಗೂ ಹೇಳಲಿಲ್ಲ, ಕುರ್ಚಿ ಹೋಗತ್ತೆ ಅಂತ ಹೆದರಿದ್ದೆ. ಮೊಣಕಾಲು ನೋವು ಅಂದಿದ್ದೂ ಸುಳ್ಳು. ಬೇರೆಯವರಾಗಿದ್ರೆ ಆ ಸಾಯ್ತಾ ಇದ್ದ ಡಿಸ್ಕಿಂದ ತೆಗೆಯುವಾಗ ನನ್ನ ತಪ್ಪನ್ನ ಒಂಚೂರಾದ್ರೂ ಅಲ್ಲೇ ಬಿಟ್ಟಿರ್ತಿದ್ರು. ಇವಳು ಒಂದು ಚುಕ್ಕಿ ಬಿಟ್ಟಿಲ್ಲ ಸ್ವಾಮಿ! ನೀಲಿ ಮಾಡಿದವನು ನಾನು. ಬೈದದ್ದು ಇವಳಿಗೆ." ಸೊಸೆಯ ಕಡೆ ತಿರುಗಿ, "ಆ ಸುರುಳಿ ಕೊಡಮ್ಮ. ಸುತ್ತಿಡು ಅಂದದ್ದು ಇಲ್ಲಿಗೆ ತರೋಕೆ, ಮಡಿಕೆ ಬೀಳಬಾರದು ಅಂತ" ಅಂದರು.

ಎಲ್ಲರ ಮುಂದೆ ತಾವೇ ಬಿಚ್ಚಿ ಮೇಜಿನ ಮೇಲೆ ಹರಡಿದರು. ಮಾಲೀಕರೆಲ್ಲ ಎದ್ದು ಬಂದು ಮುತ್ತಿದರು. ಒಬ್ಬರು ಹೌದಲ್ಲ ಅಂದರು, ಇನ್ನೊಬ್ಬರು ನಮಗೂ ಒಂದು ಸಲ ಅನುಮಾನ ಬಂದಿತ್ತು ಅಂದರು, ಅಂದವರನ್ನು ನೋಡಿ ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆತ್ತಗಿನ ಯಜಮಾನ ಮೇಷ್ಟರ ಕೈ ಹಿಡಿದು, "ಕಣ್ಣು ಬಂತಲ್ಲ, ಸಾಕು ಬಿಡಿ. ಕುರ್ಚಿ ಎಲ್ಲಿಗೆ ಹೋಗತ್ತೆ?" ಅಂದ. ವರ್ಷದ ಕೆಲಸದ ಮಾತು ಎರಡನೇ ಸಲ ಕೇಳೋ ಅಗತ್ಯವೇ ಬೀಳಲಿಲ್ಲ. ಯಾವಾಗ ಬರ್ತೀರಿ ಅಕ್ಕ, ನಮ್ಮಲ್ಲಿಗೆ ಮೊದಲು ಬನ್ನಿ ಅಂತ ಅಲ್ಲೇ ಎಳೆದಾಟ ಶುರುವಾಯಿತು. ನಕಲಕ್ಕ ಎಲ್ಲರಿಗೂ ಹೂಂ ಹೂಂ ಅನ್ನುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾಕೆ ಅಳ್ತಿದ್ದೀರಿ ಅಂತ ಕೇಳಿದವನಿಗೆ, "ಅಳ್ತಿಲ್ಲ, ನಿಮ್ಮ ಕಾಗದದ ಧೂಳು!" ಅಂತ ಗದರಿದಳು.

ಮರುದಿನದಿಂದ ಮೇಷ್ಟ್ರು ಹೊಸ ಕಣ್ಣಿಟ್ಟುಕೊಂಡು ಮೊದಲಿನಿಂದ ಬಣ್ಣ ಹೊಂದಿಸೋಕೆ ಕೂತರು. ಕಾಗದದ ಮೇಲೆ ಕಾಗದ, ಹಾಳೆಯ ಮೇಲೆ ಹಾಳೆ. ಮುಗಿದ ದಿನ ಸೊಸೆಗೆ ಫೋನು ಬಂತು. ಹೋದಳು. ಕಿಟಕಿಯ ಹತ್ತಿರ ಮೇಷ್ಟ್ರು ಮನೆಯವರ ಫೋಟೋದ ಹಾಳೆ ಹಿಡಿದು ನಿಂತಿದ್ದರು. ಅದನ್ನು ಅವಳ ಕೈಗೆ ಕೊಟ್ಟು, "ನೋಡಮ್ಮ, ಸರಿಯಿದೆಯಾ?" ಅಂತ ಕೇಳಿದರು.

ಅಷ್ಟು ವರ್ಷದಲ್ಲಿ ಆ ಮನುಷ್ಯ ಯಾರನ್ನೂ ಆ ಮಾತು ಕೇಳಿದ್ದಿಲ್ಲ. ಬಣ್ಣದ ವಿಷಯದಲ್ಲಿ ತನಗೇನೂ ಗೊತ್ತಿಲ್ಲ ಅಂತ ನಕಲಕ್ಕನಿಗೆ ಚೆನ್ನಾಗಿ ಗೊತ್ತು. ಚೆನ್ನಾಗಿದೆ ಮಾವ ಅಂದುಬಿಡೋಣ ಅನ್ನಿಸಿತು. ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದಳು.

"ಕೆನ್ನೆ ಇನ್ನೊಂಚೂರು ಕೆಂಪಾಗಲಿ ಮಾವ" ಅಂದಳು.

ಪ್ರೆಸ್ಸಿನವರೆಲ್ಲ ಕೈಲಿದ್ದ ಕೆಲಸ ಬಿಟ್ಟು ನೋಡಿದರು. ಮೇಷ್ಟ್ರು ಹಾಳೆಯನ್ನು ವಾಪಸು ತೆಗೆದುಕೊಂಡು, ಕಣ್ಣು ಕಿರಿದು ಮಾಡಿ ನೋಡಿ, "ಹೌದು" ಅಂದು ಕುರ್ಚಿಯಲ್ಲಿ ಕೂತು ಕೆಂಪನ್ನು ಒಂಚೂರು ಏರಿಸಿದರು.